ಜಗಲಿಯ ಮೂರನೆಯ ಕಂಬ

ಸಂಕ್ರಾಂತಿಯ ಹಿಂದಿನ ದಿನ ಊರಿನ ಮನೆಯ ಜಗಲಿಗೆ ತೋರಣ ಕಟ್ಟುತ್ತಿದ್ದೆ. ದಾರವನ್ನು ಬಿಗಿಯಾಗಿ ಎಳೆಯಲೆಂದು ಮೂರನೆಯ ಕಂಬದ ಬುಡಕ್ಕೆ ಕಾಲು ಒತ್ತಿದಾಗ, ಒಣಗಿದ ಸೋರೆಬುರುಡೆಯನ್ನು ತಟ್ಟಿದಂಥ ಸದ್ದು ಬಂತು. ಬಾಗಿ ನೋಡಿದರೆ ಹಸಿರು ಎನಾಮೆಲ್ ಬಣ್ಣ ಎಲ್ಲಿಯೂ ಬಿರಿದಿರಲಿಲ್ಲ; ಹಿಂದಿನ ವರ್ಷ ಬಳಿಸಿದ್ದ ಹೊಳಪು ಹಾಗೆಯೇ ಇತ್ತು. ಹೆಬ್ಬೆರಳಿನಿಂದ ಒತ್ತಿದೆ. ಬಣ್ಣದ ಪದರ ಹಪ್ಪಳದಂತೆ ಮುರಿದು ಒಳಕ್ಕೆ ಕುಸಿಯಿತು. ಸ್ಕ್ರೂಡ್ರೈವರ್ ತಂದು ಬುಡದ ಸಿಮೆಂಟು ಪಟ್ಟಿಯಿಂದ ಎರಡು ಬೆರಳು ಮೇಲೆ ಚುಚ್ಚಿದಾಗ ಅದು ಹಿಡಿಯವರೆಗೂ ತಡೆಯಿಲ್ಲದೆ ಇಳಿಯಿತು. ನಾನು ಬಾಲ್ಯವೆಲ್ಲ ಬೆನ್ನು ಕೊಟ್ಟು ಕುಳಿತು ಓದಿದ ಕಂಬ ಅದು. ಅದರ ಕೆಳತುದಿಯಲ್ಲಿ ಬಣ್ಣದ ಚರ್ಮವನ್ನು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲವೆಂದು ತಿಳಿದು, ಆ ಕ್ಷಣದಲ್ಲಿ ನಾನು ಮೊದಲು ಮಾಡಿದ ಕೆಲಸವೆಂದರೆ ಅದೇ ಜಗಲಿಯಲ್ಲಿ ಕುಳಿತು ಎಳ್ಳು ಬೀರಲು ಪೊಟ್ಟಣ ಕಟ್ಟುತ್ತಿದ್ದ ಅವ್ವನನ್ನು ಒಳಗೆ ಹೋಗುವಂತೆ ಹೇಳಿದ್ದು.

ಹಬ್ಬಕ್ಕೆ ಬಂದವರೆಲ್ಲ ಕಂಬವನ್ನು ನೋಡಿ ಒಂದೇ ಮಾತು ಹೇಳಿದರು: ಮರಕ್ಕೆ ವಯಸ್ಸಾಯಿತು. ಅದರ ಬೆನ್ನಿಗೇ ಬರುವ ಎರಡನೆಯ ಮಾತು ಮಂಡ್ಯದ ಕಡೆಯವರಿಗೆಲ್ಲ ಗೊತ್ತಿರುವುದೇ. ಹೆಂಚು ಇಳಿಸಿ ಮೋಲ್ಡ್ ಹಾಕಿಸಿಬಿಡಿ, ಇನ್ನು ಐವತ್ತು ವರ್ಷ ನೋಡುವ ಹಾಗಿಲ್ಲ. ಆ ಸಲಹೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು ಮಳೆಗಾಲ ಕಳೆದವರು ಹೇಳುವ ಮಾತು ಅದು. ಆದರೆ ವಯಸ್ಸಿನ ಮಾತು ನನ್ನನ್ನು ಕೊರೆಯತೊಡಗಿತು. ನಮ್ಮ ಜಗಲಿಯ ನಾಲ್ಕು ಕಂಬಗಳೂ ತಾತನ ಕಾಲದಲ್ಲಿ ಒಬ್ಬರೇ ಆಚಾರಿಯ ಕೈಯಲ್ಲಿ ಒಟ್ಟಿಗೆ ಆದವು. ಮೂರನೆಯದರಲ್ಲಿಯೇ ಮೊಣಕಾಲಿನಿಂದ ಮೇಲಕ್ಕೆ ಎಲ್ಲಿ ಉಳಿ ಇಟ್ಟು ಹೊಡೆದರೂ ಉಳಿ ಟಣ್ಣನೆ ಪುಟಿಯುತ್ತಿತ್ತು. ಒಂದೇ ಕಂಬಕ್ಕೆ ಮೇಲೆ ಒಂದು ವಯಸ್ಸು, ಕೆಳಗೆ ಇನ್ನೊಂದು ವಯಸ್ಸು ಇರಲು ಸಾಧ್ಯವಿಲ್ಲ. ಹಾಗಾದರೆ ಬುಡದ ಒಂದು ಅಡಿಗೆ ಮಾತ್ರ ಏನಾಯಿತು?

ಮೈಸೂರಿಗೆ ಮರಳುವ ದಾರಿಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದೆ. ಶಾಲೆಯ ಪ್ರವಾಸದಿಂದ ಹಿಡಿದು ಹಲವು ಸಲ ನೋಡಿದ್ದರೂ ಯಾವಾಗಲೂ ಕಣ್ಣು ಗೋಡೆಯ ಚಿತ್ರಗಳ ಮೇಲೆಯೇ ಇರುತ್ತಿತ್ತು. ಆ ದಿನ ಮೊದಲ ಬಾರಿಗೆ ಕಂಬಗಳನ್ನು ನೋಡಿದೆ. 1784ರಲ್ಲಿ ಕಟ್ಟಿದ್ದು, ಹೆಚ್ಚಿನ ಕೆಲಸವೆಲ್ಲ ತೇಗದ್ದು, ಕಾವೇರಿ ಪಕ್ಕದಲ್ಲಿಯೇ ಇದೆ. ನೆಲದಿಂದ ಮೇಲೆತ್ತಿದ ಜಗತಿ, ಸುತ್ತಲೂ ಆಳವಾದ ಸೂರು, ಆ ಸೂರಿನ ನೆರಳಿನಲ್ಲಿ ಕಂಬಗಳು. ಎರಡು ಶತಮಾನ ದಾಟಿದ ಮರ ನಿಂತೇ ಇದೆ. ಮೈಸೂರಿನ ಹಳೆಯ ಅರಮನೆಯೂ ಬಹುಪಾಲು ಮರದ್ದೇ ಆಗಿತ್ತು. ಅದು 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಮರಕ್ಕೆ ಶತ್ರುಗಳಿದ್ದಾರೆ, ನಿಜ. ಆದರೆ ಕ್ಯಾಲೆಂಡರು ಆ ಶತ್ರುಗಳಲ್ಲಿ ಒಂದಲ್ಲ.

ನಮ್ಮ ರೈತರಿಗೆ ಇದರ ಉತ್ತರ ಬೇರೆ ರೂಪದಲ್ಲಿ ಗೊತ್ತಿದೆ. ಬೇಲಿಯ ಗೂಟ ಯಾವಾಗಲೂ ಮುರಿಯುವುದು ನೆಲದ ಮಟ್ಟದಲ್ಲಿ. ಮಣ್ಣಿನಾಳದಲ್ಲಿರುವ ತುದಿಯನ್ನು ಕಿತ್ತರೆ ಅದು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಮೇಲಿನ ಭಾಗವೂ ಗಟ್ಟಿ. ಬಾವಿಗೆ ಹಾಕುವ ನೆಲ್ಲಿಮರದ ತುಂಡು ವರ್ಷಗಟ್ಟಲೆ ನೀರಿನಲ್ಲಿ ಮುಳುಗಿದ್ದರೂ ಕೊಳೆಯುವುದಿಲ್ಲ. ಮರವನ್ನು ತಿನ್ನುವುದು ಶಿಲೀಂಧ್ರ, ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರದಲ್ಲಿ ಗಾಳಿಯಿಲ್ಲ. ಸದಾ ಒಣಗಿದ ಮರದಲ್ಲಿ ನೀರಿಲ್ಲ, ಮರದ ತೇವಾಂಶ ಶೇಕಡ 20ರೊಳಗೆ ಇದ್ದರೆ ಶಿಲೀಂಧ್ರ ಬೇರೂರಲಾರದು. ಎರಡೂ ಒಟ್ಟಿಗೆ ಸಿಗುವುದು ನೆಲ ಮತ್ತು ಗಾಳಿ ಸೇರುವ ಆ ಒಂದು ಗೇಣಿನ ಪಟ್ಟಿಯಲ್ಲಿ. ಹಾಗಾದರೆ ನನ್ನ ಪ್ರಶ್ನೆ ಇಷ್ಟೇ ಉಳಿಯಿತು: ಸೂರಿನ ಕೆಳಗಿರುವ, ಕಲ್ಲಿನ ಮೇಲೆ ನಿಂತಿದ್ದ ನಮ್ಮ ಕಂಬ ಯಾವಾಗ ಬೇಲಿಯ ಗೂಟವಾಯಿತು?

ನಾಲ್ಕು ಬೆರಳಿನ ಕಲ್ಲು

ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದನ್ನು ಒಪ್ಪಿಕೊಳ್ಳಲು ಕೆಲವು ದಿನ ಬೇಕಾಯಿತು.

1996ರವರೆಗೆ ನಮ್ಮ ಜಗಲಿಯದು ಸಗಣಿ ಸಾರಿಸಿದ ಮಣ್ಣಿನ ನೆಲ. ಪ್ರತಿ ಕಂಬದ ಕೆಳಗೆ ಒಂದು ಚೌಕದ ಅಡಿಗಲ್ಲು ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಎದ್ದಿತ್ತು. ಆ ವರ್ಷ ಒಂದು ರಾತ್ರಿ ಕರೆಂಟು ಹೋದಾಗ ಹಿತ್ತಲಿನ ಕಡೆಯಿಂದ ಹಾಲಿನ ತಂಬಿಗೆ ಹಿಡಿದು ಬರುತ್ತಿದ್ದ ಅವ್ವ ಮೂರನೆಯ ಕಂಬದ ಕಲ್ಲನ್ನು ಎಡವಿ ಬಿದ್ದಳು. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಕಿತ್ತುಬಂದಿತ್ತು. ನೆಲದ ಮೇಲೆ ಹಾಲೂ ರಕ್ತವೂ ಒಟ್ಟಿಗೆ ಹರಿದಿದ್ದು, ಲಾಟೀನಿನ ಬೆಳಕಿನಲ್ಲಿ ಅಪ್ಪ ಮಾತಿಲ್ಲದೆ ಅರಿಸಿನ ಒತ್ತುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಬ್ಬಿನ ದುಡ್ಡು ಬಂದ ವಾರವೇ ಅವರು ಗಾರೆಯವನನ್ನು ಕರೆಸಿದರು. ಜಗಲಿಯನ್ನೆಲ್ಲ ಕಲ್ಲಿನ ಮಟ್ಟಕ್ಕೆ ಎತ್ತರಿಸಿ, ಸಿಮೆಂಟು ಹಾಸಿ, ಕೆಂಪು ಆಕ್ಸೈಡ್ ಬಳಿಸಿದರು. ಕಂಬಗಳ ಬುಡಕ್ಕೆ ಮಳೆಯ ಎರಚಲು ತಾಗದಿರಲೆಂದು ಸುತ್ತಲೂ ಒಂದು ಗೇಣು ಎತ್ತರದ ಸಿಮೆಂಟಿನ ಪಟ್ಟಿಯನ್ನೂ ಕಟ್ಟಿಸಿದರು. ಗಾರೆಯವನು ಕರಣೆಯ ಹಿಂಬದಿಯಿಂದ ಆ ಪಟ್ಟಿಯ ಅಂಚನ್ನು ತಿಕ್ಕಿ ಕನ್ನಡಿಯಂತೆ ನುಣುಪು ಮಾಡುವಾಗ ಅಪ್ಪ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಅವ್ವನನ್ನು ಕರೆದು, ಕಣ್ಣು ಮುಚ್ಚಿಕೊಂಡು ನಡೆದರೂ ಇನ್ನು ಎಡವುವುದಿಲ್ಲ ಎಂದರು.

ಅಪ್ಪನಿಗೂ ಆ ಗಾರೆಯವನಿಗೂ ತಿಳಿಯದೆ ಹೋದ ಸಂಗತಿಯೊಂದಿತ್ತು. ಆ ಕಲ್ಲು ಅಲ್ಲಿ ಕಂಬವನ್ನು ಹೊರಲು ಮಾತ್ರ ಇರಲಿಲ್ಲ. ಮರದ ತುದಿಯನ್ನು ನೆಲದಿಂದ ದೂರ ಇಡುವುದೇ ಅದರ ಮುಖ್ಯ ಕೆಲಸವಾಗಿತ್ತು. ಮರದ ಎಳೆಗಳು ಬುಡದಿಂದ ತಲೆಗೆ ಸಾಗುವ ಸಣ್ಣ ನಳಿಕೆಗಳಂತಿವೆ. ಕಂಬದ ಪಕ್ಕದ ಮೈಗೆ ನೀರು ಬಿದ್ದರೆ ಅದು ಜಾರಿಹೋಗಿ ಗಂಟೆಯೊಳಗೆ ಆರುತ್ತದೆ. ಕೊಯ್ದ ತುದಿ ನೀರಿಗೆ ತಾಗಿದರೆ ನಳಿಕೆಗಳು ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತವೆ. ಸಿಮೆಂಟು ನೋಡಲು ಗಟ್ಟಿ ಕಲ್ಲಿನಂತಿದ್ದರೂ ತೇವವನ್ನು ಎಳೆದುಕೊಳ್ಳುವ ವಸ್ತು. ಜೊತೆಗೆ ಮರ ಋತುವಿನಿಂದ ಋತುವಿಗೆ ಕುಗ್ಗುತ್ತದೆ, ಹಿಗ್ಗುತ್ತದೆ; ಸಿಮೆಂಟು ಹಾಗೆ ಕದಲುವುದಿಲ್ಲ. ಮೊದಲ ಬೇಸಿಗೆಯಲ್ಲಿಯೇ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರಬೇಕು. ಆ ಸಂದಿನಿಂದ ನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿಯಿಲ್ಲ. ಮೇಲಿನಿಂದ ನಾವು ವರ್ಷ ಬಿಟ್ಟು ವರ್ಷ ಬಳಿಸಿದ ಎನಾಮೆಲ್ ಬಣ್ಣ ಉಳಿದ ಬಾಗಿಲನ್ನೂ ಮುಚ್ಚಿತು.

ಇನ್ನೊಂದು ಕಾರಣ ನನಗೆ ಹೊಳೆದದ್ದು ಅವ್ವ ಬೆಳಿಗ್ಗೆ ಜಗಲಿ ತೊಳೆಯುವುದನ್ನು ನೋಡುತ್ತಿದ್ದಾಗ. ಮಣ್ಣಿನ ನೆಲವನ್ನು ಯಾರೂ ತೊಳೆಯುತ್ತಿರಲಿಲ್ಲ, ಸಾರಿಸುತ್ತಿದ್ದರು. ಅದು ಬಿಸಿಲೇರುವ ಮೊದಲೇ ಒಣಗುತ್ತಿತ್ತು. ಸಿಮೆಂಟು ಬಂದ ಮೇಲೆ ದಿನವೂ ಎರಡು ಕೊಡ ನೀರು ಸುರಿದು ತೊಳೆಯುವುದು ರೂಢಿಯಾಯಿತು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದರೆ ಕೊಡದ ಮಳೆ ವರ್ಷದ 365 ದಿನವೂ ಬೀಳುತ್ತಿತ್ತು. ಮೆಟ್ಟಿಲಿನ ಕಡೆಗೆ ಇಳಿಜಾರಿರುವ ನಮ್ಮ ಜಗಲಿಯಲ್ಲಿ ಆ ನೀರೆಲ್ಲ ಸಾಗಿಹೋಗುವುದು ಮೂರನೆಯ ಕಂಬದ ಪಕ್ಕದಲ್ಲಿ. ಉಳಿದ ಮೂರು ಇನ್ನೂ ನಿಂತಿದ್ದು ಇದೊಂದು ಮೊದಲು ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅಂದಿನಿಂದ ನಾನು ಊರಿನ ಬೀದಿಗಳಲ್ಲಿ ನಡೆಯುವಾಗ ಕಂಬಗಳ ಬುಡವನ್ನೇ ನೋಡುತ್ತೇನೆ. ನಮ್ಮೂರಿನಲ್ಲಿ ಉಳಿದಿರುವ ಹತ್ತು ಹನ್ನೆರಡು ಹೆಂಚಿನ ಮನೆಗಳಲ್ಲಿ ಕಂಬ ಕೆಟ್ಟಿರುವ ಕಡೆಯೆಲ್ಲ ಸಿಮೆಂಟೋ ಟೈಲ್ಸೋ ಬುಡವನ್ನು ಮುಚ್ಚಿದೆ. ಅಡಿಗಲ್ಲು ಇನ್ನೂ ಕಣ್ಣಿಗೆ ಕಾಣುವ ಎರಡು ಮನೆಗಳಲ್ಲಿ ಕಂಬ ಗಟ್ಟಿಯಾಗಿದೆ. ಆ ಎರಡು ಮನೆಯವರಿಗೆ ನೆಲ ಮಾಡಿಸಲು ಹಣ ಇರಲಿಲ್ಲ.

ಕಂಬ ಹೊತ್ತಿದ್ದೆಷ್ಟು

ಕೆಲಸವನ್ನು ನಾನೇ ಮಾಡುವುದೆಂದು ನಿಶ್ಚಯಿಸಿದೆ. ಕರೆದ ಇಬ್ಬರು ಬಡಗಿಗಳೂ ಬಾಗಿಲು, ವಾರ್ಡ್‌ರೋಬು ಮಾಡುವವರು; ನಿಂತ ಮನೆಯ ಕೆಳಗಿನಿಂದ ಕಂಬ ತೆಗೆಯುವ ಕೆಲಸ ಅವರಿಗೆ ಹೊಸದು, ಅದನ್ನು ಅವರು ಪ್ರಾಮಾಣಿಕವಾಗಿ ಹೇಳಿದರು. ಪಕ್ಕದ ಊರಿನಲ್ಲಿ ಕಸುಬು ಬಿಟ್ಟು ಕೂತಿದ್ದ ಎಂಬತ್ತು ದಾಟಿದ ಆಚಾರಿಯೊಬ್ಬರು ಮಾತ್ರ ಎರಡು ಸಂಜೆ ಕೂರಿಸಿಕೊಂಡು ಪ್ರತಿ ಹಂತವನ್ನೂ ಹೇಳಿಕೊಟ್ಟರು. ಅವರ ಮೊದಲ ಪ್ರಶ್ನೆ ಮರ ಯಾವುದು ಎಂಬುದಾಗಿರಲಿಲ್ಲ. ತೊಲೆ ಎಲ್ಲಿ ಕೂಡಿದೆ ನೋಡಿದ್ದೀಯಾ ಎಂದು ಕೇಳಿದರು.

ನೋಡಿರಲಿಲ್ಲ. ಮರುವಾರ ಏಣಿ ಹಾಕಿ ನೋಡಿದರೆ, ಕಂಬದ ತಲೆಯ ಮೇಲೆ ಕೂತು ತೊಲೆಯನ್ನು ಹೊರುವ ಅಡ್ಡಮರವಾದ ಬೋದಿಗೆಯ ನಟ್ಟನಡುವೆ ಎರಡು ತೊಲೆಗಳ ತುದಿಗಳು ಸೇರಿದ್ದವು. ಹೊರಗಿನಿಂದ ಒಂದೇ ಉದ್ದದ ತೊಲೆಯಂತೆ ಕಾಣುತ್ತಿದ್ದದ್ದು ಎರಡು ತುಂಡು. ಅಂದರೆ ಕಂಬದ ಒಂದೇ ಪಕ್ಕಕ್ಕೆ ಆಸರೆ ಕೊಟ್ಟಿದ್ದರೆ ಇನ್ನೊಂದು ಪಕ್ಕದ ತೊಲೆ ಬೋದಿಗೆಯೊಂದಿಗೆ ಕಳಚಿ ಬೀಳುತ್ತಿತ್ತು. ಎರಡೂ ಕಡೆ, ಕಂಬದಿಂದ ಒಂದೂವರೆ ಅಡಿ ದೂರದಲ್ಲಿ, ಒಂದೊಂದು ಆಸರೆ ಬೇಕು. ಈ ಒಂದು ಪ್ರಶ್ನೆಗಾಗಿ ಆ ಹಿರಿಯರಿಗೆ ನಾನು ಋಣಿ.

ಆಮೇಲೆ ಕಾಗದ ಹಿಡಿದು ಹೊರೆಯ ಲೆಕ್ಕ ಹಾಕಿದೆ. ಕಂಬದಿಂದ ಕಂಬಕ್ಕೆ 8 ಅಡಿ. ಜಗಲಿಯ ಅಗಲದ ಅರ್ಧ, ಮುಂದಿನ ಸೂರಿನ ಚಾಚು, ಇಳಿಜಾರಿನ ಹೆಚ್ಚುವರಿ ಎಲ್ಲ ಸೇರಿ ಒಂದು ಕಂಬದ ಪಾಲಿಗೆ ಸುಮಾರು 48 ಚದರ ಅಡಿ ಮಾಡು ಬರುತ್ತದೆ. ಅದರ ಮೇಲೆ ಎಪ್ಪತ್ತರಷ್ಟು ಮಂಗಳೂರು ಹೆಂಚು, ಒಂದೊಂದೂ ಎರಡು ಕೆಜಿಗೆ ಮೇಲೆ. ಜಂತೆ, ರೀಪು, ತೊಲೆ, ಬೋದಿಗೆ ಎಲ್ಲ ಕೂಡಿಸಿದರೆ ಸುಮಾರು ಮೂರು ಕ್ವಿಂಟಾಲ್. ಮಳೆಯಲ್ಲಿ ಹೆಂಚು ನೀರು ಕುಡಿದಾಗ ಇನ್ನಷ್ಟು. ಆದರೆ 6 ಇಂಚು ಚೌಕದ ಒಳ್ಳೆಯ ತೇಗದ ಕಂಬ ಹತ್ತು ಟನ್ನನ್ನು ಹೊರಬಲ್ಲದು. ಆಚಾರಿ ಕಂಬವನ್ನು ಅಷ್ಟು ದಪ್ಪ ಇಟ್ಟದ್ದು ಹೊರೆಗಾಗಿ ಆಗಿರಲಾರದು; ಕಣ್ಣಿಗೆ ಧೈರ್ಯ ಕೊಡಲು, ಬೆನ್ನಿಗೆ ಒರಗಲು ಇರಬೇಕು. ಈ ಲೆಕ್ಕದಿಂದ ನನಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. ತನ್ನ ಶಕ್ತಿಯ ಮೂವತ್ತರಲ್ಲಿ ಒಂದು ಪಾಲನ್ನಷ್ಟೇ ಬಳಸುತ್ತಿರುವ ಕಂಬ ಒಳಗೆ ಮುಕ್ಕಾಲು ಹೋಗುವವರೆಗೂ ಬಾಗುವುದಿಲ್ಲ, ಬಿರಿಯುವುದಿಲ್ಲ, ಸದ್ದು ಮಾಡುವುದಿಲ್ಲ. ಉದಾರವಾಗಿ ಕಟ್ಟಿದ ಮನೆ ತನ್ನ ಕಾಯಿಲೆಯನ್ನು ಅಷ್ಟೇ ಚೆನ್ನಾಗಿ ಮುಚ್ಚಿಡುತ್ತದೆ.

ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಮಟ್ಟ ಹಿಡಿದಾಗ ಮೂರನೆಯ ಕಂಬದ ಮೇಲಿನ ತೊಲೆ ಉಳಿದವುಗಳಿಗಿಂತ ಅರ್ಧ ಇಂಚು ಇಳಿದಿರುವುದು ತಿಳಿಯಿತು. ಸೆಂಟ್ರಿಂಗ್ ಅಂಗಡಿಯಿಂದ ತಿರುಪು ಇರುವ ಎರಡು ಕಬ್ಬಿಣದ ಜಾಕಿಗಳನ್ನು ಬಾಡಿಗೆಗೆ ತಂದೆ. ಕಾರು ಎತ್ತುವ ಎಣ್ಣೆಯ ಜಾಕಿ ಬೇಡವೆಂದದ್ದಕ್ಕೆ ಕಾರಣವಿದೆ: ಅದು ಎತ್ತಲು ಚೆನ್ನ, ಆದರೆ ದಿನಗಟ್ಟಲೆ ಹೊತ್ತು ನಿಂತರೆ ಎಣ್ಣೆಯ ಒತ್ತಡ ಇಳಿದು ಮೆಲ್ಲಗೆ ಕುಸಿಯುತ್ತದೆ. ಜಾಕಿಗಳ ಕೆಳಗೆ ನೆಲದ ಮೇಲೆ ಎರಡು ಇಂಚು ದಪ್ಪದ ಹಲಗೆ, ಮೇಲೆ ತೊಲೆಗೆ ಗಾಯವಾಗದಂತೆ ಮರದ ತುಂಡು ಇಟ್ಟು, ಎರಡಕ್ಕೂ ಅಡ್ಡಪಟ್ಟಿ ಬಿಗಿದೆ. ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು, ಹೀಗೆ ವಾರಕ್ಕೆ ಒಂದು ನೂಲಿಗಿಂತ, ಅಂದರೆ ಇಂಚಿನ ಎಂಟನೆಯ ಒಂದು ಪಾಲಿಗಿಂತ, ಹೆಚ್ಚು ಏರಿಸಲಿಲ್ಲ. ಎಷ್ಟೋ ವರ್ಷ ತಗ್ಗಿನಲ್ಲಿ ಒಗ್ಗಿಹೋದ ಜಂತೆಗಳನ್ನು ಒಂದೇ ದಿನ ಎತ್ತಿದರೆ ಹೆಂಚು ಸಿಡಿಯುತ್ತದೆ, ಕೂಡುಗಳು ಬಿಡುತ್ತವೆ. ಮೂರು ಶನಿವಾರಗಳಲ್ಲಿ ತೊಲೆ ಬಹುಮಟ್ಟಿಗೆ ಮೊದಲಿನ ಜಾಗಕ್ಕೆ ಬಂತು. ಆ ಮೂರು ವಾರ ಅವ್ವ ಜಗಲಿಯಲ್ಲಿ ಕೂರಲಿಲ್ಲ. ಹಿತ್ತಲ ಬಾಗಿಲಿನಿಂದಲೇ ಓಡಾಡಿದಳು.

ಹಳೆಯ ಮರ

ಈ ಮಧ್ಯೆ ಮರದ ಹುಡುಕಾಟ. ಸಾಮಿಲ್ಲಿನಲ್ಲಿ ಸಿಕ್ಕಿದ ಹೊಸ ತೇಗ ನೆಡುತೋಪಿನದು, ಎಳೆಯದು. ಒಂದು ಮೂಲೆಯಲ್ಲಿ ಕೆಚ್ಚು, ಅಂದರೆ ಮರದ ಗಟ್ಟಿ ಒಳತಿರುಳು; ಉಳಿದ ಮೂಲೆಗಳಲ್ಲಿ ಬಿಳಿಯ ಹೊರಮರ. ತೇಗ ಬಾಳುತ್ತದೆ ಎನ್ನುವಾಗ ನಾವು ಹೇಳುತ್ತಿರುವುದು ಕೆಚ್ಚಿನ ಮಾತು. ಯಾವ ಜಾತಿಯ ಮರವೇ ಆಗಲಿ ಅದರ ಹೊರಮರಕ್ಕೆ ಬಾಳಿಕೆಯಿಲ್ಲ. ಧೈರ್ಯವಂತನನ್ನು ಕೆಚ್ಚೆದೆಯವನು ಎಂದು ಕರೆಯುವ ಭಾಷೆ ನಮ್ಮದು. ಮರದ ಒಳಗನ್ನು ಬಲ್ಲವರು ಕಟ್ಟಿದ ಪದ ಅದು. ಹಲಸಿನ ಕೆಚ್ಚೂ ಚೆನ್ನಾಗಿ ಬಾಳುತ್ತದೆ, ಗೆದ್ದಲಿಗೂ ಬೇಗ ಬಗ್ಗದು. ಆದರೆ ಏಳೂವರೆ ಅಡಿ ನೇರ ತುಂಡು ನನಗೆ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಮೈಸೂರಿನಲ್ಲಿ, ಕೆಡವಿದ ಮನೆಗಳ ಬಾಗಿಲು ಕಿಟಕಿ ಮಾರುವ ಅಂಗಡಿಯೊಂದರ ಹಿಂಬದಿಯಲ್ಲಿ, ಮಸಿ ಹಿಡಿದ ಒಂದು ತೊಲೆ ಸಿಕ್ಕಿತು. ಮೂಲೆಯಲ್ಲಿ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದಾಗ ತೇಗದ ಎಣ್ಣೆ ಮಿಶ್ರಿತ ಚರ್ಮದಂಥ ವಾಸನೆ ಬಂತು. ತೇವಾಂಶದ ಮೀಟರು 11 ತೋರಿಸಿತು. ಕುಗ್ಗುವುದನ್ನೂ ತಿರುಚುವುದನ್ನೂ ಎಂದೋ ಮುಗಿಸಿಕೊಂಡ ಮರ. ಅದೇ ಮೀಟರಿನ ಮುಳ್ಳುಗಳನ್ನು ನಮ್ಮ ಹಳೆಯ ಕಂಬದ ಬುಡದಲ್ಲಿ ಊರಿದ್ದಾಗ 30 ದಾಟಿತ್ತು, ಅದೂ ಫೆಬ್ರವರಿಯ ಒಣ ಬಿಸಿಲಿನಲ್ಲಿ.

ಕೆಟ್ಟ ಬುಡವನ್ನಷ್ಟೇ ಕತ್ತರಿಸಿ ಹೊಸ ಕಾಲು ಕಟ್ಟಬಹುದಲ್ಲ ಎಂದು ಕೇಳುವವರಿಗೆ: ನನ್ನ ಮೊದಲ ಆಸೆಯೂ ಅದೇ ಆಗಿತ್ತು. ಕೊಳೆ ಒಂದು ಅಡಿಗೆ ನಿಂತಿದ್ದರೆ ಹಾಗೆಯೇ ಮಾಡುತ್ತಿದ್ದೆ. ಮೈ ಗಟ್ಟಿಯಾಗಿಯೇ ಇದ್ದ ಮೇಲ್ಭಾಗದಲ್ಲಿ ಸಣ್ಣ ಬೈರಿಗೆಯಿಂದ ನಡುವಿನವರೆಗೆ ತೂತು ಕೊರೆದು ನೋಡಿದಾಗ, ಗೆದ್ದಲು ಆ ತೇವದ ದಾರಿ ಹಿಡಿದು ನಡುಮಧ್ಯದಲ್ಲಿ ಮೂರೂವರೆ ಅಡಿಯವರೆಗೆ ಏರಿತ್ತು. ಉಳಿ ಪುಟಿದಿದ್ದ ಗೋಡೆ ನಿಜ, ಒಳಗೆ ಕೊಳವೆಯಾಗಿತ್ತು. ಅರ್ಧದಷ್ಟು ಕಂಬವನ್ನು ಬದಲಿಸಿ ಕೂಡು ಹಾಕುವುದು ನನ್ನ ಕೈಗೆ ಮೀರಿದ್ದು.

ತೊಲೆಯನ್ನು ಕಂಬವಾಗಿಸಲು ಎರಡು ವಾರಾಂತ್ಯ ಹಿಡಿಯಿತು. ಮೊದಲು ಅಯಸ್ಕಾಂತ ಹಿಡಿದು ಇಡೀ ಮೈ ಸವರಿ, ಮುರಿದುಳಿದ ಮೊಳೆಗಳನ್ನು ಗುರುತಿಸಿ ಕಿತ್ತೆ. ಆಮೇಲೆ ತೋಪಡ ಹಿಡಿದು ನಾಲ್ಕು ಮಗ್ಗುಲನ್ನೂ ಹೆರೆದೆ. ಉಳಿದ ಮೂರು ಕಂಬಗಳಂತೆ ಬುಡ ಮತ್ತು ತಲೆ ಚೌಕ, ನಡುವೆ ಎಂಟು ಮೂಲೆ. ಮೇಲ್ತುದಿಯಲ್ಲಿ ಬೋದಿಗೆಯ ಗುಳಿಗೆ ಕೂರುವ ಎರಡು ಇಂಚಿನ ನಾಲಗೆ. ಬೋದಿಗೆಯನ್ನು ಮಾತ್ರ ಬದಲಿಸಲಿಲ್ಲ. ತಾತನ ಕಾಲದ ಬಾಳೆಹೂವಿನ ಕೆತ್ತನೆಯ ಆ ಬೋದಿಗೆ ಒಂದು ಎಳೆಯೂ ಕೆಟ್ಟಿರಲಿಲ್ಲ.

ಪಕ್ಕದಿಂದ ಒಳಹೋಗುವುದು

ಕಂಬ ತೆಗೆಯುವ ದಿನ ಬೆಳಿಗ್ಗೆ ಆ ಅಂಕಣದ ಹೆಂಚುಗಳನ್ನೆಲ್ಲ ಇಳಿಸಿ ಸಾಲಾಗಿ ಜೋಡಿಸಿದೆವು. ನೆರೆಯ ಗೆಳೆಯನೊಬ್ಬ ಇಡೀ ದಿನ ಜೊತೆಗಿದ್ದ. ಹಳೆಯ ಕಂಬವನ್ನು ಮೊಣಕಾಲಿನ ಎತ್ತರದಲ್ಲಿ ಗರಗಸದಿಂದ ಕೊಯ್ಯತೊಡಗಿದೆ. ಹೊರೆ ನಿಜವಾಗಿ ಜಾಕಿಗಳ ಮೇಲೆ ಬಂದಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ನಂಬುವಂಥ ಪರೀಕ್ಷೆ ಇಲ್ಲ. ಕಂಬ ಇನ್ನೂ ಹೊರುತ್ತಿದ್ದರೆ ಕೊಯ್ದ ಸಂದು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಗರಗಸ ಸಲೀಸಾಗಿ ಆಡಿತು. ಕೊನೆಯ ಎಳೆ ತುಂಡಾದಾಗ ಮೇಲಿನ ಭಾಗ ನಾಲಗೆಯ ಮೇಲೆ ಸ್ವಲ್ಪ ತೂಗಿತು. ಇಬ್ಬರೂ ಹಿಡಿದು ಇಳಿಸಿ ಅಂಗಳದಲ್ಲಿ ಮಲಗಿಸಿದೆವು.

ಆಮೇಲೆ ಬುಡ. ಸಿಮೆಂಟಿನ ಪಟ್ಟಿಗೆ ನಾಲ್ಕು ಪೆಟ್ಟು ಕೊಟ್ಟಾಗ ಅದು ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಮೈಯಲ್ಲಿ ಮರದ ಎಳೆಗಳ ಅಚ್ಚು ಒಂದೊಂದು ಗೆರೆಯೂ ಕಾಣುವಂತೆ ಮೂಡಿತ್ತು. 28 ವರ್ಷದ ಹಿಂದಿನ ಗಟ್ಟಿ ಮರದ ಅಚ್ಚು. ಆ ಅಚ್ಚಿನೊಳಗೆ ಈಗ ಇದ್ದದ್ದು ಕಂದು ಬಣ್ಣದ ಸಣ್ಣ ಸಣ್ಣ ಚೌಕಗಳಾಗಿ ಬಿರಿದ, ಬೆರಳಿನಲ್ಲಿ ತಿಕ್ಕಿದರೆ ನಶ್ಯದಂತೆ ಪುಡಿಯಾಗುವ ವಸ್ತು. ಅಣಬೆಯ ವಾಸನೆ. ಸಿಮೆಂಟು ಒಳಗಡೆ ಒದ್ದೆಯಾಗಿತ್ತು. ಅಪ್ಪ ಕುಕ್ಕರಗಾಲಿನಲ್ಲಿ ಕೂತು ನೋಡಿದ್ದ ಜಾಗದಲ್ಲಿಯೇ ನಾನು ಕೂತಿದ್ದೆ. ಅವರು ತೀರಿಕೊಂಡು ಒಂಬತ್ತು ವರ್ಷ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವ್ವನ ಕಾಲಿಗಾಗಿ ಮಾಡಿದ್ದು, ಕಂಬಕ್ಕೆ ಮಳೆ ತಾಗದಿರಲೆಂದು ಮಾಡಿದ್ದು. ಅದನ್ನು ನಾನು ಸುತ್ತಿಗೆ ಹಿಡಿದು ಒಡೆಯಬೇಕಾಗಿ ಬಂದದ್ದೇ ಸಂಕಟ. ಹೋಳುಗಳನ್ನು ತಿಪ್ಪೆಗೆ ಎಸೆಯಲು ಗೆಳೆಯ ಎತ್ತಿಕೊಂಡಾಗ ಬೇಡವೆಂದೆ. ಅವು ಈಗಲೂ ಹಿತ್ತಲಲ್ಲಿ ಬಚ್ಚಲಿನ ಪಕ್ಕ ಇವೆ.

ಕೆಳಗೆ ಹಳೆಯ ಅಡಿಗಲ್ಲು ಸಿಕ್ಕಿತು, ಆಗಿನ ನೆಲಕ್ಕಿಂತ ನಾಲ್ಕು ಬೆರಳು ಮೇಲೆ, ಈಗಿನ ನೆಲಕ್ಕೆ ಸರಿಸಮವಾಗಿ. ಅದರ ಮೇಲೆ ಹೊಸದೊಂದು ಕಲ್ಲನ್ನು ಕೂರಿಸಿದೆ. ಕಲ್ಲುಕುಟಿಗನಿಗೆ ಮೂರು ಮಾತು ಹೇಳಿ ಮಾಡಿಸಿದ ಕಲ್ಲು ಅದು. ನೆಲದಿಂದ 4 ಇಂಚು ಎತ್ತರವಿರಬೇಕು. ಕಂಬ ಕೂರುವ ಚೌಕದಿಂದ ಆಚೆಗೆ ನಾಲ್ಕೂ ಕಡೆ ನೀರು ಜಾರುವಂತೆ ಇಳಿಜಾರಿರಬೇಕು. ಹೊರ ಅಂಚುಗಳು ದುಂಡಗಿರಬೇಕು, ಬರಿಗಾಲು ತಾಗಿದರೂ ಕೊಯ್ಯಬಾರದು. ಮೂರನೆಯ ಮಾತು ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಲ್ಲಿನ ನಡುವೆ ತುಕ್ಕು ಹಿಡಿಯದ ಸ್ಟೀಲಿನ ಗೂಟವೊಂದು ಒಂದೂವರೆ ಇಂಚು ಮೇಲೆದ್ದಿದೆ, ಕಂಬ ಪಕ್ಕಕ್ಕೆ ಜಾರದಿರಲು. ಗೂಟದ ಸುತ್ತ ಸೀಸದ ತಗಡು, ಕಂಬದ ಅಳತೆಗಿಂತ ಒಂದು ನೂಲು ಚಿಕ್ಕದು, ನೀರು ಅದರ ಅಂಚಿನಲ್ಲಿ ನಿಲ್ಲದಂತೆ. ಕಲ್ಲು ಗೆದ್ದಲನ್ನು ತಡೆಯುತ್ತದೆಂದು ಹಲವರು ನಂಬಿದ್ದಾರೆ; ಅದು ತಡೆಯುವುದಿಲ್ಲ. ಆದರೆ ಮಣ್ಣಿನಿಂದ ಬರುವ ಗೆದ್ದಲು ಕಲ್ಲನ್ನು ಹತ್ತಬೇಕಾದರೆ ಹೊರಮೈಯಲ್ಲಿ ಮಣ್ಣಿನ ಸುರಂಗ ಕಟ್ಟಲೇಬೇಕು, ಅದು ಕಣ್ಣಿಗೆ ಬೀಳುತ್ತದೆ. ಸಿಮೆಂಟಿನ ಪಟ್ಟಿಯೊಳಗೆ ಅದು ಯಾರಿಗೂ ಕಾಣದೆ ಹತ್ತಿತ್ತು.

ಇನ್ನು ಕಂಬ ನಿಲ್ಲಿಸುವುದಷ್ಟೇ ಎಂದುಕೊಂಡಿದ್ದ ರಾತ್ರಿ ನನಗೆ ಥಟ್ಟನೆ ಎಚ್ಚರವಾಯಿತು. ಮೇಲೆ ಎರಡು ಇಂಚಿನ ನಾಲಗೆ ಗುಳಿಯೊಳಗೆ ಹೋಗಬೇಕು, ಕೆಳಗೆ ಒಂದೂವರೆ ಇಂಚಿನ ಗೂಟ ಕಂಬದೊಳಗೆ ಬರಬೇಕು. ತೊಲೆಯೂ ಕಲ್ಲೂ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಹಾಗಾದರೆ ಕಂಬ ನಡುವೆ ಹೋಗುವುದು ಹೇಗೆ? ತಾತನ ಆಚಾರಿಗೆ ಈ ಕಷ್ಟ ಇರಲಿಲ್ಲ. ಅವರು ಕಲ್ಲಿಟ್ಟು, ಕಂಬ ನಿಲ್ಲಿಸಿ, ಮೇಲೆ ಬೋದಿಗೆ ತೊಡಿಸಿ, ತೊಲೆ ಏರಿಸಿದವರು. ಕಟ್ಟುವವರ ದಾರಿ ಕೆಳಗಿನಿಂದ ಮೇಲಕ್ಕೆ. ದುರಸ್ತಿ ಮಾಡುವವರಿಗೆ ಆ ದಾರಿ ಮುಚ್ಚಿಹೋಗಿರುತ್ತದೆ, ಪಕ್ಕದಿಂದ ನುಸುಳಬೇಕು. ಬೆಳಗಿನ ಜಾವದವರೆಗೆ ಯೋಚಿಸಿ ಕೊನೆಗೆ ಕಂಬದ ಬುಡದಲ್ಲಿ, ಮನೆಯ ಕಡೆಯ ಮುಖದಿಂದ ನಡುವಿನವರೆಗೆ, ಗೂಟದಷ್ಟೇ ಅಗಲದ ಒಂದು ಗಾಡಿಯನ್ನು, ಅಂದರೆ ಉದ್ದನೆಯ ತೋಡನ್ನು, ಕೊರೆದೆ. ನಾಲಗೆಯ ಅಂಚುಗಳನ್ನು ತುಸು ಸವೆಸಿದೆ. ಜಾಕಿಗಳನ್ನು ಕಾಲಿಂಚು ಹೆಚ್ಚಿಗೆ ಏರಿಸಿದೆ. 35 ಕೆಜಿಯ ಕಂಬವನ್ನು ಇಬ್ಬರೂ ಓರೆಯಾಗಿ ಹಿಡಿದು, ಮೊದಲು ನಾಲಗೆಯನ್ನು ಗುಳಿಗೆ ತೋರಿಸಿ, ಆಮೇಲೆ ಬುಡವನ್ನು ಅಂಗಣದ ಕಡೆಯಿಂದ ಒಳಕ್ಕೆ ತಳ್ಳಿದಾಗ ಗೂಟ ಗಾಡಿಯಲ್ಲಿ ಸರಿದು ನಡುವಿಗೆ ಬಂದು ನಿಂತಿತು. ಗಾಡಿಯನ್ನು ಅದೇ ತೇಗದ ಬೆಣೆಯಿಂದ ಮುಚ್ಚಿದೆ. ತೂಗುಗುಂಡು ಹಿಡಿದು ಎರಡು ಮುಖಗಳಲ್ಲೂ ನೇರ ನೋಡಿ, ಜಾಕಿಗಳನ್ನು ಕಾಲು ಕಾಲು ಸುತ್ತು ಇಳಿಸಿದೆ. ಬೋದಿಗೆ ಕಂಬದ ತಲೆಯ ಮೇಲೆ ಕೂತಾಗ ಮರದೊಳಗಿನಿಂದ ಒಂದು ಸಣ್ಣ ನರಳಿಕೆ ಬಂತು. ಆಮೇಲೆ ಸದ್ದಿಲ್ಲ.

ಅವ್ವ ಒಳಗಿನಿಂದ ಅರಿಸಿನ ಕುಂಕುಮದ ಬಟ್ಟಲು ತಂದಳು. ಮೊದಲು ಕಲ್ಲಿಗೆ ಹಚ್ಚಿದಳು, ಆಮೇಲೆ ಕಂಬಕ್ಕೆ.

ಮಳೆಯವರೆಗೆ

ಈ ಕಂಬಕ್ಕೆ ಎನಾಮೆಲ್ ಬಳಿಯಲಿಲ್ಲ. ಅಗಸೆ ಎಣ್ಣೆಯನ್ನು ತೆಳುವಾಗಿ, ದಿನ ಬಿಟ್ಟು ದಿನ, ಮೂರು ಬಾರಿ ಬಟ್ಟೆಯಿಂದ ಉಜ್ಜಿದೆ. ಕೊಯ್ದ ತುದಿಗೆ ಮಾತ್ರ, ನಿಲ್ಲಿಸುವ ಮೊದಲೇ, ಕುಡಿಯುವಷ್ಟೂ ಕುಡಿಸಿದ್ದೆ. ಇದನ್ನು ಮಾಡುವವರು ಒಂದು ಎಚ್ಚರವನ್ನು ಮರೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಬಿಡುತ್ತದೆ. ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆಗಳನ್ನು ನೀರಿನಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಬೇಕು. ಹುಲ್ಲಿನ ಮೆದೆ ಪಕ್ಕದಲ್ಲಿರುವ ನಮ್ಮಂಥ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಉಳಿದ ಮೂರು ಕಂಬಗಳ ಪಟ್ಟಿಗಳನ್ನೂ ಒಡೆಯತೊಡಗಿದೆ. ಎರಡನೆಯದರ ಬುಡದಲ್ಲಿ ಮೀಟರು 26 ತೋರಿಸಿತು. ಉಳಿ ಅರ್ಧ ಇಂಚು ಇಳಿದು ಗಟ್ಟಿ ಕೆಚ್ಚಿಗೆ ತಾಗಿ ನಿಂತಿತು. ಅದನ್ನು ಹಾಗೆಯೇ ತೆರೆದು ಬಿಟ್ಟೆ. ಏಪ್ರಿಲ್ ಕೊನೆಗೆ 17ಕ್ಕೆ ಇಳಿದಿತ್ತು. ಒಣಗಿದ ಮರದಲ್ಲಿ ಕೊಳೆ ಮುಂದೆ ಸಾಗುವುದಿಲ್ಲವಾದ್ದರಿಂದ ಆ ಕಂಬ ಉಳಿಯುತ್ತದೆ. ಅದರ ಕೆಳಗೆ ಕಲ್ಲು ಇಡಬೇಕಾದರೆ ಬುಡದ ನಾಲ್ಕು ಇಂಚು ಕತ್ತರಿಸಬೇಕು. ಆ ಕೆಲಸ ಈ ಮಳೆಗಾಲ ಕಳೆದ ಮೇಲೆ. ಮೊದಲನೆಯದೂ ನಾಲ್ಕನೆಯದೂ ಅಷ್ಟು ಕೆಟ್ಟಿಲ್ಲ. ಜಗಲಿಯನ್ನು ತೊಳೆಯುವುದರ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವಂತೆ ಅವ್ವನನ್ನು ಕೇಳಿಕೊಂಡೆ. ಒಪ್ಪಿದ್ದಾಳೆ, ಶುಕ್ರವಾರ ಒಂದು ದಿನ ಬಿಟ್ಟು.

ಭರಣಿ ಮಳೆ ಒಂದು ಸಂಜೆ ಗಾಳಿಯೊಂದಿಗೆ ಬಂತು. ಎರಚಲು ಜಗಲಿಯ ಅರ್ಧದವರೆಗೂ ಹೊಡೆಯಿತು. ಕರೆಂಟು ಹೋಗಿತ್ತು. ಮಳೆ ನಿಂತ ಮೇಲೆ ನಾನು ಟಾರ್ಚು ಹಿಡಿದು ಮೂರನೆಯ ಕಂಬದ ಬುಡದಲ್ಲಿ ಕೂತು ನೋಡಿದೆ. ನೆಲದಲ್ಲಿ ನೀರು ಮೆಟ್ಟಿಲಿನ ಕಡೆಗೆ ಹರಿಯುತ್ತಿತ್ತು, ಕಲ್ಲಿನ ಕೆಳಭಾಗವನ್ನು ತಟ್ಟಿ ಎರಡಾಗಿ ಒಡೆದು ಮುಂದೆ ಸಾಗುತ್ತಿತ್ತು. ಕಲ್ಲಿನ ಇಳಿಜಾರಿನಲ್ಲಿ ಹನಿಗಳಿದ್ದವು. ಕಂಬದ ತುದಿಗೂ ಸೀಸದ ತಗಡಿಗೂ ನಡುವೆ ಸುದ್ದಿಪತ್ರಿಕೆಯ ಸಣ್ಣ ಚೂರೊಂದನ್ನು ತೂರಿಸಿ ಹೊರಗೆಳೆದೆ, ಒಣಗಿತ್ತು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಕತ್ತಲಿನಲ್ಲಿ ಒಂದು ಕೈಯನ್ನು ಕಂಬದ ಮೇಲಿಟ್ಟು, ಕಾಲಿನ ಹೆಬ್ಬೆರಳಿನಿಂದ ಕಲ್ಲಿನ ದುಂಡು ಅಂಚನ್ನು ತಡವಿ ನೋಡಿ, ಅದನ್ನು ಬಳಸಿಕೊಂಡು ಮೆಟ್ಟಿಲಿಳಿದು ದನದ ಕೊಟ್ಟಿಗೆಯ ಕಡೆಗೆ ಹೋದಳು.